ಕಿಟಕಿ ಪಕ್ಕದ ‘ಅವರು’

ಮುರುಗೇಶಪ್ಪನ ಹೊಟ್ಟೆಕಿಚ್ಚು ಮೊದಲು ಹೊತ್ತಿಕೊಂಡದ್ದು ಯಾವ ಗಂಡಸಿನ ಮೇಲೂ ಅಲ್ಲ, ಒಂದು ಬಸ್ಸಿನ ಮೇಲೆ. ಕೇಳಿದವರು ನಗುತ್ತಾರೆ; ನಗಲಿ ಬಿಡಿ. ಕಟ್ಟಿಕೊಂಡ ಹೆಂಡತಿ ತನ್ನನ್ನು ಬಿಟ್ಟು ಕೆಂಪು ಬಸ್ಸನ್ನು ನೆಚ್ಚಿಕೊಂಡರೆ ಯಾವ ಗಂಡನ ಹೊಟ್ಟೆ ತಣ್ಣಗಿರುತ್ತದೆ?

ವರ್ಷಗಟ್ಟಲೆ ಅವನ ಹೆಂಡತಿ ಜಗದಾಂಬಾ ಅವನ ಸ್ಕೂಟರಿನ ಹಿಂದೆ ಕೂತು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದವಳು. ಅವನಿಗೆ ದುರ್ಗಿಗುಡಿಯ ಕನ್ನಡಕದ ಅಂಗಡಿಯಲ್ಲಿ ಕೆಲಸ, ಅವಳಿಗೆ ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ. ಅವಳ ಎಡಗೈಯಲ್ಲಿ ಊಟದ ಡಬ್ಬಿಯ ಚೀಲ, ಬಲಗೈ ಅವನ ಹೆಗಲ ಮೇಲೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡುತ್ತಿದ್ದರು ಎಂದೇನಲ್ಲ. ಹೆಲ್ಮೆಟ್ಟಿನೊಳಗೆ ಅವನಿಗೆ ಏನೂ ಕೇಳುತ್ತಿರಲಿಲ್ಲ. ಕೇಳಿದರೂ ಹೂಂ ಉಹೂಂ ಬಿಟ್ಟರೆ ಮೂರನೆಯ ಮಾತು ಬರುವ ಆಸಾಮಿಯಲ್ಲ. ಆದರೆ ಹೆಗಲ ಮೇಲೆ ಕೈ ಇತ್ತಲ್ಲ, ಅವನಿಗೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಯಿತು. ಜಗದಾಂಬಾಳಿಗೆ ಪುಕ್ಕಟೆಯ ಆಸೆಗಿಂತ ಕಾಲಿನ ಚಿಂತೆ ದೊಡ್ಡದು. ಸೀರೆ ಅಂಗಡಿಯಲ್ಲಿ ಇಡೀ ದಿನ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಮೀನಖಂಡದ ನರಗಳು ಹಗ್ಗದ ಹಾಗೆ ಉಬ್ಬಿಕೊಂಡಿದ್ದವು. ಡಾಕ್ಟರು, ಕೂರೋದಕ್ಕೆ ಎಲ್ಲಿ ಅವಕಾಶ ಸಿಕ್ಕರೂ ಬಿಡಬೇಡಿ ತಾಯಿ, ಎಂದಿದ್ದರು. ಸ್ಕೂಟರಿನ ಮೇಲೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತರೆ ಜೋಮು ಹಿಡಿದು, ಇಳಿಯುವಾಗ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗುತ್ತಿರಲಿಲ್ಲ.

“ರೀ, ನಾಳೆಯಿಂದ ಬಸ್ಸಲ್ಲಿ ಹೋಗ್ತೀನಿ ಕಣ್ರೀ. ಕಡದಕಟ್ಟೆ ಸ್ಟಾಪು ಇಲ್ಲೇ ಇದೆ. ಕಾಲಿಗೆ ಸ್ವಲ್ಪ ಆರಾಮು ಸಿಗುತ್ತೆ” ಎಂದಳು.

“ಹೋಗು” ಎಂದ ಮುರುಗೇಶಪ್ಪ. ಬಾಯಲ್ಲಿ ಹೋಗು, ಮನಸ್ಸಿನಲ್ಲಿ ‘ಎಲ್ಲಿಗೆ ಹೋಗ್ತೀಯ ನೋಡ್ತೀನಿ’. ನೂಕುನುಗ್ಗಲಿನಲ್ಲಿ ನಾಲ್ಕು ದಿನ ನಿಂತು ಹೈರಾಣಾದರೆ ತಾನಾಗಿಯೇ ಹಿಂದಿನ ಸೀಟಿಗೆ ವಾಪಸು ಬರುತ್ತಾಳೆ ಎಂದು ಅವನ ಅಂದಾಜು. ಅವಳು ಬರಲಿಲ್ಲ. ಯುಗಾದಿ ಹೋಗಿ ದೀಪಾವಳಿ ಬಂತು, ದೀಪಾವಳಿ ಹೋಗಿ ಮತ್ತೆ ಯುಗಾದಿ ಬಂತು, ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಧೂಳು ಕೂತಿತು. ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ದಿನಾ ಸಂಜೆ ಅವಳು ಬಸ್ಸಿನ ಸುದ್ದಿ ಹೊತ್ತು ತರುತ್ತಿದ್ದಳು. ಬಸ್ಸಿನಲ್ಲಿ ಯಾರದೋ ಮಗಳಿಗೆ ಗಂಡು ಗೊತ್ತಾಯಿತಂತೆ, ಕಂಡಕ್ಟರ್ ಹಾಡು ಹೇಳಿದನಂತೆ, ಹಳೇನಗರದ ಕಲ್ಲಮ್ಮಕ್ಕ ಒಬ್ಬ ಕುಡುಕನನ್ನು ಬೈದು ಇಳಿಸಿದಳಂತೆ. ಕಲ್ಲಮ್ಮ ಎಂದರೆ ಶಿವಮೊಗ್ಗದ ನರ್ಸಿಂಗ್ ಹೋಮೊಂದರಲ್ಲಿ ಆಯಾ ಕೆಲಸದವಳು, ಜಗದಾಂಬಾಳಿಗೆ ಬಸ್ಸು ಕೊಟ್ಟ ಗೆಳತಿ. ಅಂಥ ರಶ್ಶಿನಲ್ಲಿ ನಡುದಾರಿಯಲ್ಲಿ ಹತ್ತುವ ನಿನಗೆ ದಿನಾ ಕಿಟಕಿ ಪಕ್ಕದ ಸೀಟು ಹೇಗೇ ಸಿಗುತ್ತದೆ ಎಂದು ಮುರುಗೇಶಪ್ಪ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಹೆಂಡತಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಕಲ್ಲಮ್ಮಕ್ಕ, ಅವರು ನಿಮ್ಮನೇಲೇ ಇದಾರಲ್ವಾ? ಮೊನ್ನೆ ಹಂಗೆ ಮರ್ತು ಬಂದ್ಬಿಡ್ಬೇಡಿ ಮತ್ತೆ. ಕರ್ಕೊಂಬನ್ನಿ. ಕಿಟಕಿ ಪಕ್ಕಾನೇ ಕೂರ್ಸಿ.” ಆಚೆಯಿಂದ ಕಲ್ಲಮ್ಮ ಏನೋ ಅಂದಳು. ಜಗದಾಂಬಾ ಕಿಸಕ್ಕನೆ ನಕ್ಕು, “ಹೌದು ಮತ್ತೆ, ಅವರಿದ್ರೇನೇ ನನಗೆ ಧೈರ್ಯ” ಎಂದಳು.

ಬ್ರಷ್ಷು ಬಾಯಲ್ಲೇ ಉಳಿಯಿತು. ಅವರು ಎಂದರೆ ಯಾರು? ಹೆಸರಿಲ್ಲ, ಊರಿಲ್ಲ, ಬರೀ ಅವರು. ಹೆಸರು ಹೇಳಲೂ ಅಷ್ಟು ನಾಚಿಕೆಯೇ? ಕಲ್ಲಮ್ಮನ ಮನೆಯಲ್ಲಿ ಯಾರೋ ಬಾಡಿಗೆಗೆ ಇರಬೇಕು, ಇಲ್ಲವೇ ಅವಳ ತಮ್ಮನೋ ಮೈದುನನೋ. ಆ ಮಹಾಶಯನಿಗೆ ಕಿಟಕಿ ಪಕ್ಕದ ಸೀಟು ಬೇರೆ. ಅವನಿದ್ದರೆ ಇವಳಿಗೆ ಧೈರ್ಯವಂತೆ. ಹಾಗಾದರೆ ಇಷ್ಟು ವರ್ಷ ಸ್ಕೂಟರಿನ ಹಿಂದೆ ಹೆದರಿಕೊಂಡು ಕೂತಿದ್ದಳೇ? ಮುರುಗೇಶಪ್ಪ ಬಾಯಿ ಮುಕ್ಕಳಿಸುವುದನ್ನೂ ಮರೆತು ಒಳಗೆ ಬಂದು ಕಾಫಿಗೆ ಕೈಯೊಡ್ಡಿದ. ಪೇಸ್ಟು ಬೆರೆತ ಕಾಫಿ ಅವನಿಗೆ ವಿಷದ ಹಾಗನ್ನಿಸಿತು.

ಕೇಳಬಹುದಿತ್ತು. ‘ಯಾರೇ ಅವರು?’ ಎಂದರೆ ಎರಡು ಶಬ್ದ. ಆದರೆ ಕೇಳಿದರೆ ತಾನು ಕದ್ದು ಕೇಳಿದ್ದು ಗೊತ್ತಾಗುತ್ತದೆ, ಕೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಕಥೆ.

ಅದೇ ವಾರ ಇನ್ನೊಂದು ನಡೆಯಿತು. ಭದ್ರಾವತಿಯಿಂದ ವಿದ್ಯಾನಗರಕ್ಕೆ ಬರುವುದು ಒಂದು ಪ್ರಯಾಣ, ವಿದ್ಯಾನಗರದಿಂದ ತುಂಗೆಯ ಸೇತುವೆ ದಾಟಿ ಬಸ್ ಸ್ಟ್ಯಾಂಡ್ ಮುಟ್ಟುವುದು ಇನ್ನೊಂದು ಜನ್ಮ. ಹೊಳೆಹೊನ್ನೂರು ಕಡೆಯ ಟ್ರ್ಯಾಕ್ಟರು, ಶಾಲೆಯ ವ್ಯಾನು, ಸಿಟಿ ಬಸ್ಸು, ಎಲ್ಲಿ ಸಂದು ಕಂಡರೂ ಮೂತಿ ತೂರಿಸುವ ಆಟೋ, ಎಲ್ಲ ಸೇತುವೆಯ ಬಾಯಿಗೆ ಒಟ್ಟಿಗೇ ಬಂದು ನಿಲ್ಲುತ್ತವೆ. ಆವತ್ತು ಮುರುಗೇಶಪ್ಪನ ಸ್ಕೂಟರು ಸರಿಯಾಗಿ ಹೆಂಡತಿಯ ಬಸ್ಸಿನ ಮಗ್ಗುಲಿಗೆ ಬಂದು ಸಿಕ್ಕಿಕೊಂಡಿತು. ತಲೆ ಎತ್ತಿದರೆ ಕಿಟಕಿಯಲ್ಲಿ ಜಗದಾಂಬಾ. ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತುಂಬ ನಗುತ್ತಿದ್ದಳು. ಮನೆಯಲ್ಲಿ ಅವಳು ನಗುವುದೇ ಇಲ್ಲವೆಂದಲ್ಲ, ಸೆರಗು ಅಡ್ಡ ಹಿಡಿದು ಒಂದಿಷ್ಟು ನಗುತ್ತಾಳೆ. ಈ ನಗುವನ್ನು ಅವನು ನೋಡಿಯೇ ಇರಲಿಲ್ಲ.

ಅವಳ ಕೈಯಲ್ಲೊಂದು ನೀಲಿ ಚೌಕುಳಿಯ ಕರ್ಚೀಫಿತ್ತು. ಗಂಡಸರ ಕರ್ಚೀಫು. ಅದರಿಂದ ಕತ್ತು ಒರೆಸಿಕೊಂಡಳು, ಮೂಗಿಗೆ ಹಿಡಿದುಕೊಂಡಳು, ಆಮೇಲೆ ಜೋಪಾನವಾಗಿ ಮಡಿಚಿ ಮಡಿಲಲ್ಲಿಟ್ಟುಕೊಂಡಳು. ಹಿಂದಿನ ಸೀಟಿನಿಂದ ಮೀಸೆಗೆ ಕಪ್ಪು ಬಳಿದುಕೊಂಡ ಒಬ್ಬ ಗಂಡಸು ಮುಂದಕ್ಕೆ ಬಾಗಿ ಏನೋ ಹೇಳಿದ. ಅವಳು ಮತ್ತೆ ನಕ್ಕಳು.

ಓಹೋ, ಇವರೇನಾ ಆ ‘ಅವರು’.

ಮುರುಗೇಶಪ್ಪ ಹಾರ್ನ್ ಒತ್ತಿದ. ಒತ್ತಿಯೇ ಒತ್ತಿದ. ಆ ಗದ್ದಲದಲ್ಲಿ ಅವನ ಮುದಿ ಸ್ಕೂಟರಿನ ಹಾರ್ನ್ ಯಾವ ಲೆಕ್ಕ? ಬಸ್ಸು ಒಂದು ಮಾರು ಮುಂದೆ ಹೋಯಿತು, ಅವನ ಮುಖಕ್ಕೆ ಹೊಗೆ ಬಿಟ್ಟಿತು. ಆವತ್ತು ಅಂಗಡಿಯಲ್ಲಿ ಒಬ್ಬ ಮೇಷ್ಟರ ಎಡಗಣ್ಣಿನ ಗಾಜನ್ನು ಬಲಕ್ಕೆ, ಬಲಗಣ್ಣಿನದನ್ನು ಎಡಕ್ಕೆ ಕೂರಿಸಿ ಕೊಟ್ಟು ಬೈಸಿಕೊಂಡ.

ಮರುದಿನ ಬೆಳಿಗ್ಗೆ “ಅಂಗಡಿ ಬೇಗ ತೆಗೀಬೇಕು” ಎಂದು ಸುಳ್ಳು ಹೇಳಿ ಹೊರಟ. ಹೊರಟವನು ಶಿವಮೊಗ್ಗದ ದಿಕ್ಕು ಬಿಟ್ಟು, ಕಲ್ಲಮ್ಮ ಬಸ್ಸು ಹತ್ತುವ ಭದ್ರಾವತಿ ಬಸ್ ಸ್ಟ್ಯಾಂಡಿಗೆ ಬಂದ. ಸ್ಕೂಟರು ನಿಲ್ಲಿಸಿ, ಮುಖಕ್ಕೆ ಮಾಸ್ಕು ಹಾಕಿಕೊಂಡು, ಹೆಲ್ಮೆಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಕಂಕುಳಲ್ಲಿ ಅಮುಕಿಕೊಂಡು ಕಂಬದ ಮರೆಗೆ ನಿಂತ. ಕೆಂಪು ಬಸ್ಸು ಬಂದು ನಿಂತಿತು. ಜನ ಇನ್ನೂ ಇಳಿಯುತ್ತಿರುವಾಗಲೇ ಕಲ್ಲಮ್ಮ ಮುಂಬಾಗಿಲಿನಿಂದ ಹತ್ತಿದಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. ಅವಳ ಜೊತೆ ಯಾವ ಗಂಡಸೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಬರಿಗೈಯಲ್ಲಿ ಇಳಿದು ಹೂವಿನವಳ ಹತ್ತಿರ ಚೌಕಾಸಿಗೆ ನಿಂತಳು. ಮುರುಗೇಶಪ್ಪ ಆ ಗಳಿಗೆ ನೋಡಿ ಬಸ್ಸು ಹತ್ತಿದ.

ಮೂರನೆಯ ಸಾಲಿನಲ್ಲಿ ಒಂದು ಸೀಟಿನ ಮೇಲೆ ಕಲ್ಲಮ್ಮನ ಊಟದ ಚೀಲ. ಅದರ ಪಕ್ಕ, ಕಿಟಕಿಯ ಮಗ್ಗುಲಿಗೆ, ಅಂದವಾಗಿ ಹರಡಿದ ನೀಲಿ ಚೌಕುಳಿಯ ಕರ್ಚೀಫು.

ಅವನು ಅದನ್ನು ಎತ್ತಿಕೊಂಡ. ಮೂಸಿದ. ನೀಲಗಿರಿ ಎಣ್ಣೆಯ ವಾಸನೆ ಗಮ್ಮೆಂದಿತು. ಅವನಿಗೆ ಧೂಳು ಆಗಿಬರುವುದಿಲ್ಲ. ದಿನಾ ಸ್ಕೂಟರು ಹತ್ತುವ ಮುಂಚೆ ಕರ್ಚೀಫಿಗೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಳ್ಳುವುದು ಅವನ ಅಭ್ಯಾಸ. ಮೂಲೆ ನೋಡಿದ. ಇಸ್ತ್ರಿ ಪೆಟ್ಟಿಗೆ ತಗುಲಿದ ಕಂದು ಕಲೆ. ಇನ್ನು ಅನುಮಾನವೇ ಇಲ್ಲ, ಇದು ಅವನದೇ. ಒಂದೇ ಪೊಟ್ಟಣದಲ್ಲಿ ಕೊಂಡ ಮೂರು ಕರ್ಚೀಫುಗಳಲ್ಲಿ ಕಳೆದುಹೋದದ್ದು. ಮನೆಯೆಲ್ಲ ಹುಡುಕಿ ಕೂಗಾಡಿದಾಗ ಜಗದಾಂಬಾ ಮುಖ ಬೇರೆ ಕಡೆ ತಿರುಗಿಸಿ, “ನೀವೇ ಎಲ್ಲಾದ್ರೂ ಬೀಳ್ಸಿರ್ತೀರಿ” ಎಂದಿದ್ದಳು.

ಬುದ್ಧಿ ನೆಟ್ಟಗಿದ್ದವನು ಅಲ್ಲೇ ನಿಂತು ಒಂದು ಗಳಿಗೆ ಯೋಚಿಸುತ್ತಿದ್ದ. ಊರಿನವರ ಕಣ್ಣಿಗೆಲ್ಲ ಗಾಜು ಕೂರಿಸುವವನಿಗೆ ತನ್ನ ಕಣ್ಣಿನ ಕಾಮಾಲೆ ಕಾಣಲಿಲ್ಲ. ನನ್ನ ಕರ್ಚೀಫನ್ನೇ ಆ ನನ್ಮಗನಿಗೆ ಕೊಟ್ಟಿದ್ದಾಳೆ, ಎಂದುಕೊಂಡ. ನನ್ನ ಎಣ್ಣೆಯನ್ನೇ ಹಾಕಿ ಕೊಟ್ಟಿದ್ದಾಳೆ. ಬಾಟ್ಲಿ ಬೇಗ ಖಾಲಿಯಾಗ್ತಿದೆ ಅಂತ ನಾನು ಅಂಗಡಿಯವನನ್ನು ಬೈದದ್ದೇ ಬಂತು.

ಕರ್ಚೀಫನ್ನು ಜೇಬಿಗೆ ತುರುಕಿಕೊಂಡು ಹಿಂದಕ್ಕೆ ಹೋಗಿ ನಿಂತ. ಅಷ್ಟರಲ್ಲಿ ಬಾಗಿಲಿನಲ್ಲಿ ಕಟ್ಟೆಯೊಡೆದಂತೆ ಜನ ನುಗ್ಗಿತು. ದಪ್ಪ ಹೆಂಗಸೊಬ್ಬಳು ಕಲ್ಲಮ್ಮನ ಚೀಲ ದಾಟಿ ಕಿಟಕಿ ಪಕ್ಕ ಧಪ್ಪನೆ ಕೂತಳು. ಹೂವು ಹಿಡಿದು ಬಂದ ಕಲ್ಲಮ್ಮ ಸೀಟು ನೋಡಿ ಅಲ್ಲೇ ನಿಂತುಬಿಟ್ಟಳು.

“ಏನಮ್ಮಾ, ಇಲ್ಲಿ ಸೀಟು ಹಿಡಿದಿತ್ತಲ್ಲ?”

“ನಾ ಬಂದಾಗ ಸೀಟು ಖಾಲಿ ಇತ್ತಪ್ಪ. ಬೇಕಾದ್ರೆ ಎದ್ದು ತೋರಿಸ್ತೀನಿ, ನನ್ನಡೀಲಿ ಏನೂ ಇಲ್ಲ.”

ಕಲ್ಲಮ್ಮ ಸೀಟಿನ ಕೆಳಗೆ ಬಗ್ಗಿ ನೋಡಿದಳು, ಕಿಟಕಿಯ ಹೊರಗೆ ನೋಡಿದಳು, ಕೊನೆಗೆ ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು: “ಮುಟ್ಟಿದೋನು ಯಾವನೇ ಇರ್ಲಿ, ಅವನ ಕೈ ಸೇದ್ಹೋಗ.” ಮುರುಗೇಶಪ್ಪ ಜೇಬಿನಿಂದ ಕೈ ತೆಗೆದು ಹೆಲ್ಮೆಟ್ಟಿನೊಳಗೆ ಇಟ್ಟುಕೊಂಡ.

ಅವನ ಹತ್ತಿರವೇ ಸೀಟಿನಲ್ಲಿದ್ದ ಗಂಡಸು ತಲೆ ಎತ್ತಿದ. ಅದೇ ಕಪ್ಪು ಮೀಸೆ. ಮುರುಗೇಶಪ್ಪ ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡ. ಮೀಸೆಯವನು ಮಾತ್ರ ಮಾಸ್ಕನ್ನೂ ಬೆವರನ್ನೂ ನೋಡಿ, “ಹುಷಾರಿಲ್ವಾ ಸಾರ್? ಬನ್ನಿ, ಕೂತ್ಕಳಿ. ನನ್ನ ಹೆಸ್ರು ಶಶಿಧರ್ ಅಂತ, ಕೋರ್ಟಲ್ಲಿ ಟೈಪಿಸ್ಟು. ದಿನಾ ಇದೇ ಬಸ್ಸು” ಎಂದು ಎದ್ದು ನಿಂತು, ಬೇಡವೆಂದರೂ ಕೈಹಿಡಿದು ಕೂರಿಸಿದ. ಶತ್ರು ಬಿಟ್ಟುಕೊಟ್ಟ ಸೀಟು ಬಿಸಿಯಾಗಿತ್ತು.

ಕಡದಕಟ್ಟೆಯಲ್ಲಿ ಜಗದಾಂಬಾ ಹತ್ತಿದಳು. ಜನರ ನಡುವೆ ಅವಳ ಹಸಿರು ಸೀರೆಯ ತುಂಡೊಂದು ಕಾಣುತ್ತಿತ್ತು, ಮಾತು ಚೆನ್ನಾಗಿಯೇ ಕೇಳುತ್ತಿತ್ತು. ಕಲ್ಲಮ್ಮನ ಗಂಟಲು ಅಂಥದು.

“ಜಗದಾಂಬಾ, ಇವತ್ತು ಅವರಿಲ್ಲ ಮಾರಾಯ್ತಿ.”

“ಅವರಿಲ್ವಾ? ಎಲ್ಲಿ ಹೋದ್ರು?”

“ಇಲ್ಲೇ ಕೂರ್ಸಿ ಹೂ ತರಕ್ಕೆ ಇಳಿದೆ. ಬರೋದ್ರೊಳಗೆ ನಾಪತ್ತೆ. ನೀನು ಇಲ್ಲಿ ಕೂತ್ಕ, ನಾನು ನಿಲ್ತೀನಿ.”

“ಬೇಡ ಕಲ್ಲಮ್ಮಕ್ಕ, ನಿಮ್ಮ ಸೊಂಟ ಮೊದ್ಲೇ ಸರಿ ಇಲ್ಲ. ಒಂದು ದಿನ ತಾನೆ.”

ಓಡಿಹೋಗಿದ್ದಾನೆ, ಎಂದುಕೊಂಡ ಮುರುಗೇಶಪ್ಪ. ನನ್ನನ್ನು ನೋಡಿಯೇ ಓಡಿಹೋಗಿದ್ದಾನೆ, ಹೇಡಿ. ಹಾಗಾದರೆ ಈ ಮೀಸೆಯವನು ಅವನಲ್ಲ. ಅನುಮಾನ ಪೂರ್ತಿ ಹೋಗುವ ಮೊದಲೇ ಶಶಿಧರ್ ಜನರ ಮೇಲಿಂದ ಕತ್ತು ಚಾಚಿ, “ಏನ್ ಮೇಡಂ, ಅವರು ಇವತ್ತು ರಜಾನಾ?” ಎಂದ. ಮುಂದಿನ ಸಾಲಿನವರು ನಕ್ಕರು. ಕಂಡಕ್ಟರೂ ನಕ್ಕ. ಅಂದರೆ ಇಡೀ ಬಸ್ಸಿಗೆ ಗೊತ್ತು. ಭದ್ರಾವತಿ ಶಿವಮೊಗ್ಗ ಎರಡೂ ಊರಿಗೆ ಗೊತ್ತು, ಗೊತ್ತಿಲ್ಲದವನು ತಾಳಿ ಕಟ್ಟಿದವನೊಬ್ಬನೇ. ಆ ಕ್ಷಣದಲ್ಲಿ ಅವನಿಗೆ ಆ ‘ಅವರ’ ಮೇಲೆ ಬಂದಷ್ಟು ಸಿಟ್ಟು ಹುಟ್ಟಿದಂದಿನಿಂದ ಯಾರ ಮೇಲೂ ಬಂದಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಆಸೆ. ಅವಳ ಪಕ್ಕದ ಸೀಟು, ಆ ನಗು, ರಜಾ ಹಾಕಿದರೆ ವಿಚಾರಿಸುವ ಇಷ್ಟು ಜನ, ಎಲ್ಲ ತನಗೆ ಸೇರಬೇಕಾದದ್ದು ಅನ್ನಿಸಿತು.

ಮಾಚೇನಹಳ್ಳಿ ಹೋಯಿತು, ನಿದಿಗೆ ಹೋಯಿತು, ಮಲವಗೊಪ್ಪ ಹೋಯಿತು. ಒಂದೊಂದು ಸ್ಟಾಪಿನಲ್ಲೂ ಇಳಿದವರಿಗಿಂತ ಹತ್ತಿದವರೇ ಜಾಸ್ತಿ. ಮೊದಮೊದಲು ಮುರುಗೇಶಪ್ಪನಿಗೆ ಒಳಗೊಳಗೇ ಖುಷಿ. ನಿಲ್ಲಲಿ. ಅವನಿಲ್ಲದಿದ್ದರೆ ಹೇಗಿರುತ್ತದೆ ಎಂದು ಸ್ವಲ್ಪ ತಿಳಿಯಲಿ. ವಿದ್ಯಾನಗರ ದಾಟಿದ ಮೇಲೆ ಎಂದಿನಂತೆ ಬಸ್ಸು ನಿಂತಿತು. ಸೇತುವೆ ಕಣ್ಣಿಗೆ ಕಾಣುತ್ತದೆ, ಚಕ್ರ ಮುಂದೆ ಉರುಳುವುದಿಲ್ಲ. ಡ್ರೈವರು ಇಂಜಿನ್ ಆರಿಸಿದ. ಒಳಗೆ ಸೆಕೆ, ಬೆವರು, ಯಾರದೋ ಡಬ್ಬಿಯ ಸಾರಿನ ವಾಸನೆ.

ನಿಂತವರ ಕಾಲುಗಳ ಸಂದಿಯಿಂದ ಅವನಿಗೆ ಹೆಂಡತಿಯ ಪಾದ ಕಂಡಿತು. ಚಪ್ಪಲಿ ಬಿಟ್ಟು, ಒಂದು ಪಾದದ ಹಿಮ್ಮಡಿಯಿಂದ ಇನ್ನೊಂದು ಕಾಲಿನ ಮೀನಖಂಡ ತಿಕ್ಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸಿದಳು. ಮತ್ತೆ ಬದಲಾಯಿಸಿದಳು. ಇನ್ನು ಅಂಗಡಿಗೆ ಹೋದರೆ ಸಂಜೆಯವರೆಗೆ ನಿಂತೇ ಇರಬೇಕು. ಈ ಬಸ್ಸಿನಲ್ಲಿ ಕೂರುವಷ್ಟೇ ಅವಳಿಗೆ ಕೂರುವುದು, ಅದನ್ನು ತಾನು ಜೇಬಿನಲ್ಲಿಟ್ಟುಕೊಂಡು ಕೂತಿದ್ದೇನೆ ಎಂಬುದು ಮುರುಗೇಶಪ್ಪನಿಗೆ ಆಗ ಹೊಳೆಯಿತು. ಎದ್ದು, ಬಾರೇ ಇಲ್ಲಿ ಕೂತ್ಕೋ, ಎಂದರೆ ಮುಗಿಯಿತು. ಎಂದರೆ ಮಾಸ್ಕು, ಹೆಲ್ಮೆಟ್ಟು, ಸುಳ್ಳು, ಕಳ್ಳತನ ಎಲ್ಲಕ್ಕೂ ಮಂಗಳಾರತಿ. ಅರ್ಧ ಎದ್ದ. ಮುಂದೆ ಕಲ್ಲಮ್ಮ, “ಅವರು ಇದ್ದಿದ್ರೆ ಈ ಕಷ್ಟ ಇತ್ತಾ ನಿನಗೆ” ಎಂದದ್ದು ಕೇಳಿ ಮತ್ತೆ ಕೂತುಬಿಟ್ಟ.

ಶಿವಪ್ಪನಾಯಕ ಸರ್ಕಲ್ಲಿನಲ್ಲಿ ಅವಳು ಇಳಿದಳು. ಇಳಿಯುವಾಗ ಕಾಲು ಊರಲಾಗದೆ ಕಲ್ಲಮ್ಮನ ಹೆಗಲ ಮೇಲೆ ಕೈ ಇಟ್ಟಳು. ಅವನಿಗೆ ಆ ಕೈ ಗೊತ್ತಿತ್ತು. ಆ ಕೈಯ ಭಾರವೂ ಗೊತ್ತಿತ್ತು. ಕಲ್ಲಮ್ಮನ ಮೇಲೂ ಹೊಟ್ಟೆ ಉರಿಯಿತು.

ಸಂಜೆ ಭದ್ರಾವತಿಗೆ ಬಸ್ಸಿನಲ್ಲಿ ಬಂದು, ಸ್ಟ್ಯಾಂಡಿನಿಂದ ಸ್ಕೂಟರು ತೆಗೆದುಕೊಂಡು ಮನೆಗೆ ಹೋದಾಗ ಜಗದಾಂಬಾ ಬಕೆಟ್ಟಿನ ಬಿಸಿ ಉಪ್ಪುನೀರಿನಲ್ಲಿ ಕಾಲು ಇಳಿಬಿಟ್ಟು ಕುರ್ಚಿಯಲ್ಲಿ ಕೂತಿದ್ದಳು. ಅವನು ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಒಂದೇ.

“ಅವರು ಯಾರು?”

“ಯಾವ ಅವರು?”

“ಕಲ್ಲಮ್ಮನ ಮನೇಲಿ ಇರ್ತಾರಲ್ಲ. ಕಿಟಕಿ ಪಕ್ಕ ಕೂರ್ತಾರಲ್ಲ. ಇವತ್ತು ರಜಾನಾ ಅಂತ ಆ ಮೀಸೆಯವನು ಕೇಳಿದ್ನಲ್ಲ, ಆ ಅವರು.”

ಜಗದಾಂಬಾ ಅವನ ಮುಖ ನೋಡಿದಳು. “ಮೀಸೆಯವರು ಕೇಳಿದ್ದು ನಿಮಗೆ ಹೆಂಗೆ ಗೊತ್ತು?”

ಸಿಕ್ಕಿಬಿದ್ದವನು ದನಿ ಏರಿಸುತ್ತಾನೆ, ಅದು ಲೋಕರೂಢಿ. ಮುರುಗೇಶಪ್ಪ ಜೇಬಿಗೆ ಕೈಹಾಕಿ ಕರ್ಚೀಫು ಎಳೆದು ಟೇಬಲ್ಲಿನ ಮೇಲೆ ಬಡಿದ. “ಅದಿರ್ಲಿ. ಇದು ಯಾರದು ಹೇಳು.”

ಕರ್ಚೀಫು ಕಂಡೊಡನೆ ಅವಳ ಮುಖ ಅರಳಿತು. “ಅಯ್ಯೋ, ಸಿಕ್ತಾ? ಎಲ್ಲಿತ್ತು?” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಕರ್ಚೀಫನ್ನು ನೋಡಿದಳು, ಅವನ ಜೇಬು ನೋಡಿದಳು, ಕೊರಳಿಗೆ ಇನ್ನೂ ಜೋತುಬಿದ್ದಿದ್ದ ಮಾಸ್ಕು ನೋಡಿದಳು. ಅರಳಿದ ಮುಖ ನಿಧಾನವಾಗಿ ಮುದುಡಿತು. “ನಿಮ್ದೇ” ಎಂದಳು.

“ನನ್ದೂಂತ ನನಗೂ ಗೊತ್ತು. ಇದನ್ನ ಯಾರಿಗೆ ಕೊಟ್ಟಿದ್ದೆ?”

“ಸೀಟಿಗೆ ಕೊಟ್ಟಿದ್ದೆ.” ಅವಳು ಬಕೆಟ್ಟಿನ ನೀರು ನೋಡುತ್ತ ಹೇಳಿದಳು. “ಮೊದ್ಲು ನನ್ನ ಹೂವಿನ ಕರ್ಚೀಫೇ ಕೊಟ್ಟಿದ್ದೆ ಕಲ್ಲಮ್ಮಕ್ಕಂಗೆ, ಸ್ಟ್ಯಾಂಡಲ್ಲಿ ಹತ್ತೋವಾಗ ನನಗೆ ಸೀಟು ಹಿಡೀಲಿ ಅಂತ. ಹೆಂಗಸರ ಕರ್ಚೀಫಿಗೆ ಯಾರ್ರೀ ಬೆಲೆ ಕೊಡ್ತಾರೆ? ಪಕ್ಕಕ್ಕೆ ಸರ್ಸಿ ಕೂತ್ಬಿಡೋರು, ಹೆಂಗಸರೂ ಅಷ್ಟೇ. ಆಮೇಲೆ ಕಲ್ಲಮ್ಮಕ್ಕನೇ ಹೇಳಿದ್ದು, ಗಂಡಸಿನ ಕರ್ಚೀಫ್ ಹಾಕಿ ನೋಡೋಣ ಅಂತ. ನಿಮ್ದು ಹಾಕಿದ್ವಿ. ಯಾರೂ ಮುಟ್ಲಿಲ್ಲ. ಯಾರ ಸೀಟು ಅಂದ್ರೆ, ಅವರು ಬರ್ತಾರೆ ಅಂತ ಕಲ್ಲಮ್ಮಕ್ಕ ಹೇಳೋದು. ಆವತ್ತಿಂದ ಅದಕ್ಕೆ ಅವರು ಅಂತ್ಲೇ ಹೆಸ್ರಾಯ್ತು. ನಿಮ್ಮನ್ನ ಕೇಳಿದ್ರೆ, ಇನ್ನೂ ಒಂದು ಕೊಂಡ್ಕೋ ಹೋಗು, ನಂದ್ಯಾಕೆ ಅಂತೀರಿ. ಅದಕ್ಕೆ ಕೇಳದೆ ತಗೊಂಡೆ. ಅದು ನನ್ನ ತಪ್ಪು.”

“ಎಣ್ಣೆ?” ಎಂದ ಮುರುಗೇಶಪ್ಪ. ಕೇಳಲು ಬೇರೇನೂ ಉಳಿದಿರಲಿಲ್ಲ.

“ಬಸ್ಸಲ್ಲಿ ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುತ್ತೆ. ಅದಕ್ಕೆ ನಿಮ್ಮ ಬಾಟ್ಲಿಯಿಂದ ಸ್ವಲ್ಪ ಕಲ್ಲಮ್ಮಕ್ಕಂಗೂ ಕೊಟ್ಟಿದೀನಿ. ಇಷ್ಟು ವರ್ಷ ನಿಮ್ಮ ಹಿಂದೆ ಕೂತು ಆ ಎಣ್ಣೆ ವಾಸನೆ ಅಭ್ಯಾಸ ಆಗೋಗಿದೆ. ಅದು ಮೂಗಿಗೆ ಹಿಡಿದ್ರೆ ಸರಿಹೋಗುತ್ತೆ.”

ಹೊರಗೆ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಮುರುಗೇಶಪ್ಪನಿಗೆ ಕೂರಬೇಕೆನ್ನಿಸಿತು, ಆದರೆ ಅವಳೆದುರು ಕೂರಲು ಮುಖವಿರಲಿಲ್ಲ.

“ಹೆಸರು ಹಿಡೀದೆ ಅವರು ಅಂತ ನಾನು ಈ ಭೂಮಿ ಮೇಲೆ ಇನ್ಯಾರಿಗೆ ಅಂತೀನ್ರೀ?” ಎಂದಳು ಜಗದಾಂಬಾ. ದನಿ ಏರಿಸಲಿಲ್ಲ. “ಕುಡುಕ್ರೂ ಹತ್ತಿದಾರೆ ಆ ಬಸ್ಸಿಗೆ, ಪುಂಡ ಹುಡುಗ್ರೂ ಹತ್ತಿದಾರೆ. ಇಷ್ಟು ದಿನದಲ್ಲಿ ನಿಮ್ಮ ಕರ್ಚೀಫ್ ಒಬ್ರೂ ಮುಟ್ಟಿರ್ಲಿಲ್ಲ. ಮುಟ್ಟಿದೋರು ನೀವೊಬ್ರೇ.”

ಅವನು ಒಳಗೆ ಹೋಗಿ ಒಲೆಯ ಮೇಲಿದ್ದ ಬಿಸಿನೀರು ತಂದು ಬಕೆಟ್ಟಿಗೆ ಸುರಿದ. ಅವಳು ಕಾಲು ಒಂದಿಷ್ಟು ಪಕ್ಕಕ್ಕೆ ಸರಿಸಿದಳು. ಕರ್ಚೀಫು ಟೇಬಲ್ಲಿನ ಮೇಲೆಯೇ ಇತ್ತು. ಮಲಗುವ ಮುಂಚೆ ಅವಳು ಅದನ್ನು ತೆಗೆದುಕೊಳ್ಳಬಹುದೆಂದು ಕಾದ. ತೆಗೆದುಕೊಳ್ಳಲಿಲ್ಲ.

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಮುರುಗೇಶಪ್ಪ ಕರ್ಚೀಫಿಗೆ ಇಸ್ತ್ರಿ ಹಾಕಿದ. ಎರಡು ಹನಿ ನೀಲಗಿರಿ ಎಣ್ಣೆ ಹಾಕಿದ, ಯೋಚಿಸಿ ಇನ್ನೊಂದು ಹನಿ ಹಾಕಿದ. ಏನೂ ಹೇಳದೆ ಸ್ಕೂಟರು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸು ಬಂದೊಡನೆ, ಕಲ್ಲಮ್ಮನಿಗಿಂತ ಮುಂಚೆ, ಇಳಿಯುವವರ ಬೈಗುಳ ಕೇಳಿಸಿಕೊಂಡೇ ನುಗ್ಗಿ ಮೂರನೆಯ ಸಾಲಿನ ಕಿಟಕಿ ಪಕ್ಕ ಕರ್ಚೀಫು ಹರಡಿ, ಪಕ್ಕದಲ್ಲಿ ಕಾವಲು ನಿಂತ. ನಿನ್ನೆಯ ಅದೇ ದಪ್ಪ ಹೆಂಗಸು ಬಂದಳು.

“ಯಾರಾದ್ರೂ ಇದಾರಾ ಇಲ್ಲಿ?”

ನಮ್ಮನೆಯವಳು ಬರ್ತಾಳೆ ಎಂದೇ ಅವನ ಬಾಯಿಗೆ ಬರಬೇಕಾದದ್ದು. ಇಷ್ಟು ವರ್ಷ ಅವಳನ್ನು ಅವನು ಬೇರೆ ಯಾವ ರೀತಿಯಲ್ಲೂ ಕರೆದವನಲ್ಲ. “ಇದಾರೆ” ಎಂದ. “ಅವರು ಕಡದಕಟ್ಟೇಲಿ ಹತ್ತುತಾರೆ.”

ಹೆಂಗಸು ಮುಂದೆ ಹೋದಳು. ಹಿಂದಿನಿಂದ ಬಂದ ಕಲ್ಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಸೀಟಿನ ಮೇಲಿನ ಕರ್ಚೀಫು ನೋಡಿದಳು. “ಕೈ ಹೆಂಗಿದೆ ಮುರುಗೇಶಪ್ಪನೋರೆ?” ಎಂದಳು. ರಾತ್ರಿಯೇ ಫೋನಿನಲ್ಲಿ ಸುದ್ದಿ ಮುಟ್ಟಿತ್ತು. ಅವನು ತಲೆ ತಗ್ಗಿಸಿ ಬಸ್ಸು ಇಳಿದ.

ತುಂಗೆಯ ಸೇತುವೆಯ ಬಾಯಲ್ಲಿ ಅಂದೂ ಎಲ್ಲ ನಿಂತಿತ್ತು. ಸಂದುಗೊಂದಿನಲ್ಲಿ ನುಸುಳಿ, ಆಟೋದವರ ಹತ್ತಿರ ಬೈಸಿಕೊಂಡು, ಮುರುಗೇಶಪ್ಪ ಬೇಕೆಂದೇ ಸ್ಕೂಟರನ್ನು ಆ ಬಸ್ಸಿನ ಮಗ್ಗುಲಿಗೆ ತಂದು ನಿಲ್ಲಿಸಿದ. ಕಿಟಕಿಯಲ್ಲಿ ಜಗದಾಂಬಾ ಇದ್ದಳು. ಕೂತಿದ್ದಳು. ಕಲ್ಲಮ್ಮ ಏನೋ ಹೇಳಿದಳು, ಜಗದಾಂಬಾ ನಕ್ಕಳು, ಬಾಯಿ ತುಂಬ ಅಲ್ಲದಿದ್ದರೂ ನಕ್ಕಳು. ನಕ್ಕು ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಅವನು ಹಾರ್ನ್ ಒತ್ತಿದ. ಅವಳು ಕಣ್ಣು ತೆರೆಯಲಿಲ್ಲ.

ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಬಸ್ಸಿನೊಳಗೆ ‘ಅವರು’ ನೆರಳಿನಲ್ಲಿ ಅವಳ ಕೆನ್ನೆಗೆ ಒರಗಿಕೊಂಡು ಆರಾಮಾಗಿ ಹೋಗುತ್ತಿದ್ದರು. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಮುರುಗೇಶಪ್ಪ ಬಿಸಿಲಿನಲ್ಲಿ ನಿಂತಿದ್ದ.